ರಿಪೋರ್ಟ್ ಸ್ಪಷ್ಟವಾಗಿ ಹೇಳದಾಗ ಡಾಕ್ಟರು ಏನು ಹೇಳಬೇಕು?

ಉಡುಪಿ ಜಿಲ್ಲೆಗೆ ಮಳೆಗಾಲವೆಂದರೆ ಇಲಿಜ್ವರದ ಕಾಲವೂ ಹೌದು. ಉಚ್ಚಿಲದ ಕಡೆಯಿಂದ ಗದ್ದೆಗಿಳಿದು ದುಡಿದವರೊಬ್ಬರು ಜ್ವರ, ಮೈಕೈ ನೋವು ಎಂದು ಬಂದರೆ ಡಾಕ್ಟರಿಗೆ ಮೊದಲು ಬರುವ ಸಂಶಯಗಳಲ್ಲಿ ಇದೂ ಒಂದು. ತೊಡಕಿರುವುದು ಪರೀಕ್ಷೆಯಲ್ಲಿ. ಸಾಮಾನ್ಯವಾಗಿ ಮಾಡಿಸುವ ಐಜಿಎಂ ಪರೀಕ್ಷೆ ಹುಡುಕುವುದು ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ರಕ್ತದಲ್ಲಿ ಕಾಣಿಸಲು ಐದಾರು ದಿನವಾದರೂ ಬೇಕು. ಜ್ವರದ ಎರಡನೇ ದಿನ ನೆಗೆಟಿವ್ ಬಂತೆಂದು ಇಲಿಜ್ವರವನ್ನು ತಳ್ಳಿಹಾಕಲಾಗದು. ಆದರೆ ಆ ಕಾಗದ ಹಿಡಿದು ಬಸ್ಸು ಹತ್ತುವವರಿಗೆ ಇದನ್ನು ಯಾರಾದರೂ ಹೇಳಿರುತ್ತಾರೆಯೇ? ಹೇಳದಿದ್ದರೆ ಅವರು ಮಾತ್ರೆ ಬಿಟ್ಟು ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಮೂತ್ರಪಿಂಡ ಸೋತ ಮೇಲೆ ಮಣಿಪಾಲಕ್ಕೆ ಓಡಬೇಕಾಗಿ ಬರಬಹುದು.

ಇಂಥ ಫಲಿತಾಂಶವನ್ನು ರೋಗಿಗೆ ಹೇಗೆ ತಿಳಿಸಬೇಕೆಂಬ ವಿಚಾರ ವೈದ್ಯಶಿಕ್ಷಣದೊಳಗೆ ಬಂದದ್ದು ತಡವಾಗಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಕಾಲಕ್ಕೆ ಮುಂದುವರಿದ ದೇಶಗಳಲ್ಲೂ ಮೌನವೇ ರೂಢಿ. 1961ರಲ್ಲಿ ಅಮೆರಿಕದ ಡೊನಾಲ್ಡ್ ಓಕನ್ ವಿಚಾರಿಸಿದಾಗ ವೈದ್ಯರಲ್ಲಿ ಸುಮಾರು ಶೇ. 90 ಮಂದಿ ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳಲು ಒಲ್ಲೆವೆಂದರು. 1979ರ ಇನ್ನೊಂದು ಸಮೀಕ್ಷೆಯಲ್ಲಿ ಶೇ. 97 ಮಂದಿ ಹೇಳುತ್ತೇವೆಂದರು. 2000ದಲ್ಲಿ ಕೆಟ್ಟ ಸುದ್ದಿ ತಿಳಿಸಲು ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮ ಬಂತು. ಇದೆಲ್ಲ ಖಚಿತವಾಗಿ ಗೊತ್ತಿರುವ ಕಾಯಿಲೆಯ ಮಾತು. ಡಾಕ್ಟರಿಗೇ ಗೊತ್ತಾಗದ ಸಂಗತಿಯನ್ನು ಹೇಳುವ ವಿದ್ಯೆ ಹಿಂದೆಯೇ ಉಳಿಯಿತು. ವೈದ್ಯ ವಿದ್ಯಾರ್ಥಿಗಳು ಅನಿಶ್ಚಿತತೆಗೆ ಹೇಗೆ ಒಗ್ಗಿಕೊಳ್ಳುತ್ತಾರೆಂದು ಸಮಾಜಶಾಸ್ತ್ರಜ್ಞೆ ರೆನೆ ಫಾಕ್ಸ್ 1957ರಲ್ಲೇ ಬರೆದಿದ್ದರೂ ಹೀಗಾಯಿತು.

ಕಾರಣ ದಾಕ್ಷಿಣ್ಯವೊಂದೇ ಅಲ್ಲ, ಲೆಕ್ಕವೂ ಹೌದು. 1978ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯರು, ವಿದ್ಯಾರ್ಥಿಗಳು ಸೇರಿ 60 ಮಂದಿಗೆ ಒಂದು ಪ್ರಶ್ನೆ ಹಾಕಿದರು: ಸಾವಿರದಲ್ಲೊಬ್ಬರಿಗೆ ಬರುವ ರೋಗಕ್ಕೆ ಪರೀಕ್ಷೆಯೊಂದಿದೆ, ರೋಗವಿಲ್ಲದವರಲ್ಲೂ ಶೇ. 5 ಮಂದಿಗೆ ಅದು ಪಾಸಿಟಿವ್ ತೋರಿಸುತ್ತದೆ. ಪಾಸಿಟಿವ್ ಬಂದವರಿಗೆ ನಿಜವಾಗಿ ರೋಗವಿರುವ ಸಾಧ್ಯತೆ ಎಷ್ಟು? ಹೆಚ್ಚು ಮಂದಿ ಕೊಟ್ಟ ಉತ್ತರ ಶೇ. 95. ಸರಿಯುತ್ತರ ಸುಮಾರು ಶೇ. 2, ಅದನ್ನು ಹೇಳಿದವರು ಹನ್ನೊಂದೇ ಜನ. ಸಾವಿರ ಜನರನ್ನು ಪರೀಕ್ಷಿಸಿದರೆ ರೋಗವಿರುವವರು ಒಬ್ಬರು, ಸುಮ್ಮನೆ ಪಾಸಿಟಿವ್ ಬರುವವರು ಸುಮಾರು ಐವತ್ತು. ಶೇಕಡಾ ಬಿಟ್ಟು ಹೀಗೆ ತಲೆಯೆಣಿಸಿ ಹೇಳಿದರೆ ಡಾಕ್ಟರಿಗೂ ರೋಗಿಗೂ ತಿಳಿಯುತ್ತದೆಂದು 1990ರ ದಶಕದಲ್ಲಿ ಜರ್ಮನಿಯ ಗೆರ್ಡ್ ಗಿಗೆರೆಂಜರ್ ತೋರಿಸಿದರು. ಈ ಕ್ಷೇತ್ರದಲ್ಲಿ ಇದಕ್ಕಿಂತ ಉಪಯೋಗದ ಕೆಲಸ ಮತ್ತೊಂದು ನಡೆದಿಲ್ಲವೆಂದೇ ನನ್ನ ಎಣಿಕೆ.

ನಮ್ಮ ದೇಶದಲ್ಲಿ ಈ ಮಾತುಕತೆಗೆ ಶಿಸ್ತು ತಂದದ್ದರಲ್ಲಿ ಎಚ್‌ಐವಿಯ ಪಾಲು ದೊಡ್ಡದು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆ ಅದನ್ನು ಹಿಡಿಯದೆ ಹೋಗಬಹುದು, ಮತ್ತೆ ಬರಬೇಕು ಎಂದು ಸರಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಎಚ್‌ಐವಿ ಪರೀಕ್ಷಾ ಕೋಣೆಯಲ್ಲಿ ಆಪ್ತಸಮಾಲೋಚಕರು ಕುಳ್ಳಿರಿಸಿ ಹೇಳುತ್ತಾರೆ. ಪರೀಕ್ಷೆಗೆ ಮೊದಲೂ ಆಮೇಲೂ ಸಮಾಲೋಚನೆ ಇರಬೇಕೆಂದು 2017ರ ಎಚ್‌ಐವಿ ಕಾಯ್ದೆ ವಿಧಿಸಿತು. ಇಲಿಜ್ವರಕ್ಕೂ ಡೆಂಗಿಗೂ ಅಂಥ ಐದು ನಿಮಿಷ ಏಕಿಲ್ಲ?

ಒಂದೇ ಪರೀಕ್ಷೆಯನ್ನು ನಂಬಿ ಕೂರದ ಎಚ್ಚರ ಪ್ರಯೋಗಾಲಯಗಳಿಗೆ ಇದ್ದೇ ಇದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ಮಾದರಿಗಳಲ್ಲಿ ನಿಪಾ ವೈರಾಣುವನ್ನು ಗುರುತಿಸಿದ್ದು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಅದನ್ನು ಪುಣೆಯ ರಾಷ್ಟ್ರೀಯ ಸಂಸ್ಥೆ ಖಚಿತಪಡಿಸಿತು. ಎರಡು ವರ್ಷದಲ್ಲಿ ಕೊರೋನಾ ಬಂತು. ಮಹಾರಾಷ್ಟ್ರದಿಂದ ಊರಿಗೆ ಮರಳಿದವರಿಂದ ಉಡುಪಿಯ ಕ್ವಾರಂಟೈನ್ ಕೇಂದ್ರಗಳು ತುಂಬಿದವು. ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ಆದರೂ ಲಕ್ಷಣವಿದ್ದರೆ ಆರ್‌ಟಿ-ಪಿಸಿಆರ್ ಮಾಡಿಸಬೇಕೆಂಬ ನಿಯಮ ಜನಸಾಮಾನ್ಯರ ಬಾಯಿಗೂ ಬಂತು.

ಈಗಿನ ಕಠಿಣ ಪ್ರಶ್ನೆ ವಂಶವಾಹಿ ಪರೀಕ್ಷೆಯದ್ದು. ಮಣಿಪಾಲದಲ್ಲಿ ಅದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 2015ರ ಅಮೆರಿಕದ ಮಾರ್ಗಸೂಚಿ ವಂಶವಾಹಿ ವ್ಯತ್ಯಾಸಗಳನ್ನು ಐದು ಗುಂಪಾಗಿ ವಿಂಗಡಿಸುತ್ತದೆ. ನಡುವಿನ ಗುಂಪು, ಮಹತ್ವ ತಿಳಿಯದ ವ್ಯತ್ಯಾಸಗಳದ್ದು. ಜಗತ್ತಿನ ದತ್ತಾಂಶದಲ್ಲಿ ಯುರೋಪ್ ಮೂಲದವರೇ ಹೆಚ್ಚಿರುವುದರಿಂದ ನಮ್ಮವರ ರಿಪೋರ್ಟು ಆ ಗುಂಪಿಗೆ ಬೀಳುವ ಸಂಭವ ಜಾಸ್ತಿ. ಮುಂದಿನ ಮಗುವಿನ ಚಿಂತೆಯಲ್ಲಿರುವ ದಂಪತಿಗೆ ಅದನ್ನು ಹೇಳುವುದು ಸುಲಭವಲ್ಲ. ಮುಚ್ಚಿಡುವುದಂತೂ ತಪ್ಪು.

2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ‘ಏಟ್‌ಕಾಮ್’ ಹೆಸರಿನಲ್ಲಿ ಸಂವಹನ ಕಡ್ಡಾಯವಾಗಿದೆ. ಆರಂಭದ ದಿನಗಳಲ್ಲಿ ಸ್ಥಳೀಯ ಭಾಷೆಯ ಪಾಠವೂ ಇದೆ. ನಮ್ಮ ಜಿಲ್ಲೆಯಲ್ಲಿ ಹಲವರ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಇರುತ್ತದೆ, ರಿಪೋರ್ಟು ಮಾತ್ರ ಇಂಗ್ಲಿಷಿನಲ್ಲಿ. ಅದು ವಾಟ್ಸ್ಆ್ಯಪಿನಲ್ಲಿ ಮುಂಬಯಿಗೋ ದುಬೈಗೋ ಹೋಗಿ, ಮಗನ ಮೂಲಕ ತಾಯಿಗೆ ತಿಳಿಯುತ್ತದೆ. ಎದುರಿಗೆ ಕುಳಿತ ತಾಯಿಗೇ ಡಾಕ್ಟರು ನೇರವಾಗಿ ಹೇಳಬೇಕು.

ಕೇಳುವ ಹಕ್ಕು ನಮಗೂ ಇದೆ. ರಿಪೋರ್ಟು ಕೈಗೆ ಬಂದಾಗ ವಿಚಾರಿಸಿ: ಇದನ್ನು ಎಷ್ಟು ನಂಬಬಹುದು? ಮತ್ತೆ ಯಾವ ದಿನ ಪರೀಕ್ಷೆ ಮಾಡಿಸಬೇಕು? ಏನಾದರೆ ಆ ದಿನದವರೆಗೆ ಕಾಯದೆ ಬರಬೇಕು? ಉತ್ತರವನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.