ಆರನೇ ಫೋಟೋ

2013ರ ದೀಪಾವಳಿ ಪಾಡ್ಯ ಮುಗಿದು ಒಂದು ವಾರ ಆಗಿತ್ತು. ಹಾನಗಲ್ ತಾಲೂಕಿನ ನಮ್ಮೂರಲ್ಲಿ ಕೊಬ್ಬರಿ ಹೋರಿ ಹಬ್ಬ. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು, ಹೊಸ ಡಿಎಸ್‌ಎಲ್‌ಆರ್ ಕೊರಳಿಗೆ ಹಾಕ್ಕೊಂಡು, ಅಗಸಿ ಹತ್ತಿರದ ಮಾಳಿಗೆ ಮೇಲೆ ಕೂತಿದ್ದೆ. ನಮ್ಮಪ್ಪನ ಹೋರಿ ‘ಸಿಡಿಲು’ ಬರೋದಿತ್ತು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳ್ತೀನಿ. ಹೋರಿಗೆ ಜೂಲಾ ಹೊದಿಸಿ, ಕೋಡಿಗೆ ಬಲೂನು ರಿಬ್ಬನ್ ಕಟ್ಟಿ, ಕೊರಳಿಗೆ ಒಣಕೊಬ್ಬರಿ ಗಿಟಕಿನ ಹಾರ ಹಾಕಿ ಅಖಾಡಕ್ಕೆ ಬಿಡ್ತಾರೆ. ಎರಡೂ ಕಡೆ ಹುಡುಗರ ಹಿಂಡು. ಹೋರಿ ಹಿಡಿದು ಹಾರ ಹರಿದರೆ ಕೊಬ್ಬರಿ ಹುಡುಗನದು, ಯಾರ ಕೈಗೂ ಸಿಗದೆ ಪಾರಾದರೆ ಮರ್ಯಾದೆ ಹೋರಿಯದು. ತಿವಿಸಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ, ಸತ್ತವರೂ ಇದ್ದಾರೆ. ಅದನ್ನು ಮುಚ್ಚಿಟ್ಟು ಹಬ್ಬದ ಗುಣಗಾನ ಮಾಡೋದು ನನಗೆ ಸರಿ ಕಾಣಲ್ಲ.

ಸಿಡಿಲು ಬಂತು. ನಾನು ಬಟನ್ ಒತ್ತಿ ಹಿಡಿದೆ. ಕಟಕಟಕಟ ಅಂತ ಆರು ಫೋಟೋ ಬಿದ್ದವು, ಆಮೇಲೆ ಕ್ಯಾಮೆರಾ ಗಪ್‌ಚುಪ್. ಮೂಲೆಯಲ್ಲಿ ಒಂದು ಕೆಂಪು ದೀಪ ಮಿನುಗುತ್ತಾ ಕೂತಿತು. ಏಳನೇ ಫೋಟೋ ಬೀಳೋ ಹೊತ್ತಿಗೆ ನಾಲ್ಕು ಸೆಕೆಂಡು ಕಳೆದಿತ್ತು. ಹೋರಿ ಅಗಸಿ ದಾಟಿತ್ತು, ಧೂಳು ಎದ್ದಿತ್ತು, ಕೊರಳಲ್ಲಿ ಹಾರ ಇರಲಿಲ್ಲ.

ಪಕ್ಕದೂರಿನ ಹುಡುಗನೊಬ್ಬ ಎರಡು ಗಿಟಕು ಎತ್ತಿ ಹಿಡಿದು ‘ನಾ ಹರದೆ’ ಅಂದ. ಹಾರ ಬೇಲಿ ಗೂಟಕ್ಕೆ ಸಿಕ್ಕಿ ಹರೀತು, ಅವನು ನೆಲದ ಮೇಲಿಂದ ಆರಿಸಿಕೊಂಡ ಅಂತ ನಮ್ಮಪ್ಪ. ಜಗಳ ಕೈಕೈ ಮಿಲಾಯಿಸೋ ತನಕ ಹೋಯ್ತು. ಕಮಿಟಿಯ ಹಿರಿಯರೊಬ್ಬರು ಮಾಳಿಗೆ ಕಡೆ ನೋಡಿ, “ಇಂಜಿನೇರ ಫೋಟೋ ತಗದಾನಲ್ರಿ, ನೋಡೂಣು” ಅಂದರು. ಇಡೀ ಊರು ಎರಡಿಂಚಿನ ಚಿಲ್ಲರೆ ಪರದೆಗೆ ಮುಖ ಹಚ್ಚಿತು. ಆರನೇ ಫೋಟೋದಲ್ಲಿ ಹುಡುಗನ ಕೈ, ಹಾರದಿಂದ ಒಂದು ಗೇಣು ದೂರ. ಏಳನೆಯದರಲ್ಲಿ ಧೂಳು.

“ನಡುವಿಂದು ಎಲ್ಲೈತಿ?” ಅಪ್ಪ ಕೇಳಿದ.

“ಕ್ಯಾಮೆರಾ ಬರಕೊಳ್ಳಾಕ ಹತ್ತಿತ್ತಪ್ಪಾ.”

“ಅದು ಬರಕೊಳ್ಳೂತನಕ ಹೋರಿ ನಿಂದರತೈತೇನಲೇ?”

ಈ ಪ್ರಶ್ನೆಗೆ ನೂರೈವತ್ತು ವರ್ಷದ ಹತ್ತಿರ ಇತಿಹಾಸ ಇದೆ ಅಂತ ನನಗೆ ಆಮೇಲೆ ಗೊತ್ತಾಯ್ತು.

1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಓಡುವ ಕುದುರೆಯ ಫೋಟೋ ತೆಗೆದ. ಓಡುವಾಗ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೋ ಇಲ್ಲವೋ ಅನ್ನೋದು ಪ್ರಶ್ನೆ. ಅವನು ಹೂಡಿದ ಉಪಾಯ ಒಂದಲ್ಲ, ಹನ್ನೆರಡು ಕ್ಯಾಮೆರಾ. ಸಾಲಾಗಿ ಇಟ್ಟು, ಒಂದೊಂದಕ್ಕೆ ಒಂದೊಂದು ಗಾಜಿನ ಪ್ಲೇಟು. ಒಂದು ಪ್ಲೇಟು ತೆಗೆದು ಇನ್ನೊಂದು ಹಾಕೋ ಅಷ್ಟರಲ್ಲಿ ಕುದುರೆ ಲಾಯ ಸೇರಿರುತ್ತೆ ಅಂತ ಅವನಿಗೆ ಗೊತ್ತಿತ್ತು. ಅಂದರೆ ಕಷ್ಟ ಇದ್ದದ್ದು ಬರೀ ನೋಡೋದರಲ್ಲಲ್ಲ, ನೋಡಿದ್ದನ್ನು ಇಡೋದಕ್ಕೆ ಜಾಗ ಹೊಂದಿಸೋದರಲ್ಲೂ. ಕಾಲು ನಾಲ್ಕೂ ಮೇಲಿದ್ದವು, ವಾದ ತೀರಿತು.

ಫಿಲ್ಮ್ ಕಾಲಕ್ಕೆ ಜಾಗದ ಲೆಕ್ಕ ಸರಳ ಆಯ್ತು. ರೀಲು ಮುಂದಕ್ಕೆ ಸರಿದರೆ ಹೊಸ ಜಾಗ ಸಿಕ್ತು. 1996ರ ನಿಕಾನ್ ಎಫ್5 ಸೆಕೆಂಡಿಗೆ ಎಂಟು ಫೋಟೋ ಹೊಡೀತಿತ್ತು. ಆದರೆ ಮೂವತ್ತಾರರ ರೀಲು ನಾಲ್ಕೂವರೆ ಸೆಕೆಂಡಿಗೆ ಖಾಲಿ. ನಮ್ಮ ಕಡೆ ಮದುವೆ ಫೋಟೋಗ್ರಾಫರು ಒಂದು ರೀಲಿನಲ್ಲಿ ಅರಿಶಿನದಿಂದ ಅಕ್ಷತೆ ತನಕ ಮುಗಿಸ್ತಿದ್ದ ಕಾಲ ಅದು!

ಡಿಜಿಟಲ್ ಬಂದಾಗ ಕಾಯೋದು ವಾಪಸ್ ಬಂತು, ಅದೂ ಜೋರಾಗಿ. 1975ರಲ್ಲಿ ಕೊಡಾಕ್‌ನ ಸ್ಟೀವ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯೋಕೆ 23 ಸೆಕೆಂಡು ತಗೊಳ್ತಿತ್ತು. ಚಿತ್ರವೋ, ಅಡ್ಡ ನೂರು ಚುಕ್ಕಿ, ಉದ್ದ ನೂರು ಚುಕ್ಕಿ.

ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿ ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುವೊಕಾ ಅವರ ಕೂಸು. 1984ರಲ್ಲಿ ಅವರು ಇದನ್ನು ಜಗತ್ತಿನ ಮುಂದಿಟ್ಟರು. ಹೆಸರು ಕೊಟ್ಟದ್ದು ಅವರ ಸಹೋದ್ಯೋಗಿಯಂತೆ. ಒಂದೇ ಏಟಿಗೆ ಎಲ್ಲ ಅಳಿಸೋದು ಕ್ಯಾಮೆರಾದ ಫ್ಲ್ಯಾಶ್ ಹೊಡೆದಂಗಿದೆ ಅಂತ. ಕ್ಯಾಮೆರಾದಿಂದ ಹೆಸರು ಎರವಲು ಪಡೆದ ವಸ್ತು ಕೊನೆಗೆ ಕ್ಯಾಮೆರಾದ ಹೊಟ್ಟೆಗೇ ಹೋಗಿ ಕೂತಿತು. 1994ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಶ್ ಬಂತು, 1999ರಲ್ಲಿ ಎಸ್‌ಡಿ ಕಾರ್ಡು.

ಈ ಒಂದೇ ಏಟಿಗೆ ಅಳಿಸೋದರಲ್ಲೇ ನಿಧಾನದ ಮೂಲವೂ ಇದೆ. ನಾವು ಸಾಲಿಯಲ್ಲಿ ಪಾಟಿ ಮೇಲೆ ಬರೀತಿದ್ದೆವಲ್ಲ, ಹಂಗೆ ಅಂದುಕೊಳ್ಳಿ. ಖಾಲಿ ಇರೋ ಕಡೆ ಎಷ್ಟು ಬೇಕಾದರೂ ಬರೀಬಹುದು. ಬರೆದ ಒಂದು ಅಕ್ಷರ ಬದಲಿಸಬೇಕು ಅಂದರೆ ಮಾತ್ರ ಇಡೀ ಪಾಟಿ ಒರೆಸಬೇಕು. ಓದೋಕೆ ಈ ತಾಪತ್ರಯ ಇಲ್ಲ, ಅದಕ್ಕೇ ಕಾರ್ಡು ಓದೋದು ಬೇಗ, ಬರೆಯೋದು ನಿಧಾನ. ಅಂಗಡಿಯಲ್ಲಿ ಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಹೊಳೆಯೋ ಸಂಖ್ಯೆ ಸಾಮಾನ್ಯವಾಗಿ ಓದುವ ವೇಗ. ಹೋರಿ ಫೋಟೋ ಹೊಡೆಯೋನಿಗೆ ಬೇಕಾದ್ದು ಮೂಲೆಯಲ್ಲಿರೋ ಸಣ್ಣ ಗುರುತು. 2006ರಿಂದ ಬಂದ ಈ ಸ್ಪೀಡ್ ಕ್ಲಾಸ್ ಗುರುತುಗಳು ಬರೆಯುವ ವೇಗದ ಕನಿಷ್ಠ ಭರವಸೆ. ಕ್ಲಾಸ್ 4 ಅಂದರೆ ಸೆಕೆಂಡಿಗೆ 4 ಎಂಬಿ, ಕ್ಲಾಸ್ 10 ಅಂದರೆ 10, ವಿ30 ಅಂದರೆ 30, ವಿ90 ಅಂದರೆ 90.

ಹಂಗಾದರೆ ಮೊದಲ ಆರು ಫೋಟೋ ಕಟಕಟ ಅಂತ ಹೆಂಗೆ ಬಿದ್ದವು? ಅದು ಬಫರ್ ಕೃಪೆ. ಗೋವಿನಜೋಳದ ರಾಶಿ ಮಶೀನು ನೋಡಿದವರಿಗೆ ಇದು ಸುಲಭ. ಮಶೀನು ಕಾಳು ಉಗುಳ್ತಾನೇ ಇರುತ್ತೆ, ಕೆಳಗೆ ಇಬ್ಬರು ಚೀಲ ತುಂಬಿ ಬಾಯಿ ಹೊಲೀತಾರೆ. ನಡುವೆ ಹಾಸಿದ ತಾಡಪಾಲು ಇದೆಯಲ್ಲ, ಅದೇ ಬಫರ್. ತಾಡಪಾಲು ತುಂಬಿತು ಅಂದರೆ ಮಶೀನು ಎಷ್ಟು ದೊಡ್ಡದಿದ್ದರೇನು, ಚೀಲ ಹೊಲಿಯೋನ ಕೈಯಷ್ಟೇ ವೇಗ. 1999ರ ನಿಕಾನ್ ಡಿ1 ಸೆಕೆಂಡಿಗೆ ನಾಲ್ಕೂವರೆಯಂತೆ 21 ಫೋಟೋ ಹೊಡೀತಿತ್ತು ಅಂದರೆ ಅದರ ತಾಡಪಾಲು ದೊಡ್ಡದಿತ್ತು ಅಂತ ಅರ್ಥ.

ನನ್ನದು ಶುರುವಿನ ಮಟ್ಟದ ಕ್ಯಾಮೆರಾ, ಆರು ರಾ ಫೈಲಿನಷ್ಟು ತಾಡಪಾಲು. ಒಂದೊಂದು ಫೈಲು ಸುಮಾರು 24 ಎಂಬಿ. ಸೆಕೆಂಡಿಗೆ ಮೂರೂವರೆ ಚಿಲ್ಲರೆಯಂತೆ ಎರಡು ಸೆಕೆಂಡಿನೊಳಗೆ ಭರ್ತಿ. ಒಳಗೆ ಕೂತಿದ್ದು ಕ್ಲಾಸ್ 4 ಕಾರ್ಡು. ಒಂದು ಫೈಲು ಇಳಿಸೋಕೆ ಐದಾರು ಸೆಕೆಂಡು. ಕ್ಯಾಮೆರಾಕ್ಕೆ ನಲವತ್ತು ಸಾವಿರ ಸುರಿದವನು ಕಾರ್ಡಿಗೆ ಮುನ್ನೂರು ರೂಪಾಯಿ ಕೊಟ್ಟಿದ್ದೆ. ಬರೀ ಜೆಪೆಗ್‌ಗೆ ಇಟ್ಟಿದ್ದರೂ ಒಂದೇ ಉಸಿರಿಗೆ ಮೂವತ್ತು ಫೋಟೋ ಬೀಳ್ತಿದ್ದವು, ಆ ನಾಲ್ಕು ಸೆಕೆಂಡು ಪೂರ್ತಿ ಸಿಗ್ತಿತ್ತು. ‘ಸೀರಿಯಸ್’ ಫೋಟೋಗ್ರಾಫರು ರಾ ಬಿಟ್ಟು ಹೊಡೆಯಲ್ಲ ಅಂತ ಎಲ್ಲೋ ಓದಿದ್ದೆ. ಆಫೀಸಿನಲ್ಲಿ ದಿನಾ ಕ್ಯೂ, ಬಫರ್ ಅಂತ ಕೋಡ್ ಬರೆಯೋನು ನಾನೇ!

ಹಾನಗಲ್ ಸೀಮೆಯಲ್ಲಿ ವೀರಗಲ್ಲುಗಳು ಬೇಕಾದಷ್ಟು. ದನ ಹೊಡಕೊಂಡು ಹೋದವರ ಬೆನ್ನಟ್ಟಿ ಸತ್ತವರ ಕಲ್ಲುಗಳೂ ಇವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗೋದು, ಮೇಲೆ ಕೈಲಾಸ. ಏಟು ಬಿದ್ದ ಗಳಿಗೆ ಕೆಳಗಿನ ಪಟ್ಟಿಕೆಗೂ ನಡುವಿನ ಪಟ್ಟಿಕೆಗೂ ಮಧ್ಯೆ ಎಲ್ಲೋ ಇರುತ್ತೆ. ಕಲ್ಲುಕುಟಿಗ ಅದನ್ನು ಬಿಟ್ಟದ್ದಕ್ಕೆ ಯಾರೂ ಜಗಳ ತೆಗೆದ ಹಾಗಿಲ್ಲ. ನನ್ನ ಮೇಲೆ ತೆಗೆದರು.

ಮುಂದಿನ ವರ್ಷ ನೋಡಿಕೊಳ್ಳೋಣ ಅಂದುಕೊಂಡು ಮೊದಲ ಸಂಬಳ ಏರಿಕೆಯಲ್ಲಿ ವೇಗದ ಕಾರ್ಡು ತಗೊಂಡೆ. 2014ರ ಮೇ 7ಕ್ಕೆ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಆ ದೀಪಾವಳಿಗೆ ನಮ್ಮೂರಲ್ಲಿ ಅಖಾಡ ಕಟ್ಟಲಿಲ್ಲ. 2017ರಲ್ಲಿ ರಾಜ್ಯ ಕಾಯ್ದೆ ತಿದ್ದುಪಡಿ ಮಾಡಿತು, 2023ರ ಮೇ 18ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಸಿಡಿಲು ಅಷ್ಟು ದಿನ ಕಾಯಲಿಲ್ಲ. 2015ರ ಮಳೆಗಾಲದಲ್ಲಿ ಹೋಯ್ತು. ಅಪ್ಪ ಹೊಲದ ಬದುವಿನಲ್ಲೇ ಮಣ್ಣು ಮಾಡಿದ. 2023ರಲ್ಲೇ ಸೋನಿ ಎ9 III ಅಂತ ಸೆಕೆಂಡಿಗೆ 120 ಫೋಟೋ ಹೊಡೆಯೋ ಕ್ಯಾಮೆರಾ ಘೋಷಣೆ ಆಯ್ತು. ಸುದ್ದಿ ಓದಿ ನಾನು ಮೊದಲು ಮಾಡಿದ್ದು ನಾಲ್ಕನ್ನು 120ರಿಂದ ಗುಣಿಸಿದ್ದು.

ಆರನೇ ಫೋಟೋಗೆ ಅಪ್ಪ ಹಾನಗಲ್ಲಿನಲ್ಲಿ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗು ಹಾಕ್ಯಾನ. ಬಂದವರು ಚಹಾ ಕುಡೀತಾ ಅದನ್ನೇ ನೋಡ್ತಾರೆ. ಹೋರಿಯ ಮುಂಗಾಲು ಎರಡೂ ಮೇಲಿವೆ, ಹುಡುಗನ ಬೆರಳು ಅಗಲಿವೆ.

“ಹರದನೇನ್ರಿ?” ಅಂತ ಕೇಳ್ತಾರೆ.

“ಇಲ್ಲ” ಅಂತಾನೆ ಅಪ್ಪ, “ನೋಡ್ರಲಾ, ಇನ್ನೂ ಒಂದು ಗೇಣು ಐತಿ.”