ಕಾಲಿಗೆ ಮದ್ದು ಹಚ್ಚಿದರೆ ಹೋಗದ ನೋವು

ಸೋಲದೇವನಹಳ್ಳಿಯ ಹಳೇ ಪಂಪ್‌ಹೌಸ್ ಬಗ್ಗೆ ಬರೆಯೋಣ ಅಂತ ನಾವು ಮೂವರು ಹೋಗಿದ್ದೆವು. ಬೆಂಗಳೂರಿಗೆ ಮೊದಲ ಬಾರಿ ಕೊಳವೆ ನೀರು ಬಂದದ್ದು ಈ ಊರಿನ ಮೂಲಕ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕೆರೆ ಕಟ್ಟುವ ಯೋಜನೆ ಶುರುವಾಯಿತು. ನೀರು ಇಳಿಜಾರಿನಲ್ಲಿ ತಾನಾಗಿಯೇ ಸೋಲದೇವನಹಳ್ಳಿಯವರೆಗೆ ಹರಿದು ಬರುತ್ತಿತ್ತು. ಇಲ್ಲಿಂದ ಉಗಿ ಯಂತ್ರದ ಪಂಪುಗಳು ಅದನ್ನು ಮಲ್ಲೇಶ್ವರದ ಕಡೆಗೆ ಎತ್ತಿ ಕಳಿಸುತ್ತಿದ್ದವು. 1896ರ ಹೊತ್ತಿಗೆ ನಗರಕ್ಕೆ ನೀರು ಮುಟ್ಟಿತ್ತು.

ಇಷ್ಟು ಬರೆದುಕೊಂಡು ವಾಪಸ್ ಬರುವಾಗ ಹೆಸರಘಟ್ಟ ರಸ್ತೆಯಲ್ಲಿ ಟೀ ಕುಡಿಯಲು ನಿಂತೆವು. ಎದುರಿಗೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿಗೆ ಕಾವಲಿದ್ದ ಅಜ್ಜ ಅಲ್ಲಿಗೇ ಬಂದರು. ಯಾದಗಿರಿ ಕಡೆಯವರು. ಧೋತರ ಮೇಲೆ ಕಟ್ಟಿದ್ದರು. ಹಿಮ್ಮಡಿಯಿಂದ ಮೀನಖಂಡದವರೆಗೆ ನಾಲ್ಕೈದು ಕಡೆ ಗುಂಡಗೆ ಕುಳಿಬಿದ್ದ ಗುರುತು.

‘ಇದೇನು ಮುತ್ಯಾ, ಸುಟ್ಟ ಗಾಯ ಏನು?’

‘ನಾರುಹುಣ್ಣು ತಮ್ಮಾ. ಐದು ಬ್ಯಾಸಿಗಿ ಬಂದಿತ್ತು. ಐದು ಸಲಾನೂ ಇನ್ನ ಆರಾಮ ಆತು ಅಂದ್ಕೊಂಡಿದ್ವಿ.’

ನಮ್ಮ ಜರ್ನಲಿಸಂ ಕ್ಲಾಸಿನಲ್ಲಿ ಸಿಡುಬಿನ ಬಗ್ಗೆ ಮಾತಾಗಿತ್ತು, ಪೋಲಿಯೊ ಬಗ್ಗೆಯೂ ಆಗಿತ್ತು. ನಾರುಹುಣ್ಣಿನ ಹೆಸರು ಮಾತ್ರ ನಮ್ಮಲ್ಲಿ ಇಬ್ಬರಿಗೆ ಗೊತ್ತೇ ಇರಲಿಲ್ಲ. ಪಂಪ್‌ಹೌಸ್ ಲೇಖನ ಅಲ್ಲಿಗೇ ನಿಂತಿತು.

ಕೆರೆ, ಬಾವಿಯ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೀರುಚಿಗಟಗಳಿರುತ್ತವೆ. ನಾರುಹುಳುವಿನ ಮರಿ ಅವುಗಳ ಹೊಟ್ಟೆ ಸೇರುತ್ತದೆ. ಆ ನೀರು ಕುಡಿದವರ ದೇಹದೊಳಗೆ ಹುಳು ಬೆಳೆಯುತ್ತದೆ. ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ಬೊಬ್ಬೆ ಒಡೆದರೆ ಬಿಳಿ ದಾರದಂಥ ಹೆಣ್ಣುಹುಳು ತಲೆ ಹಾಕುತ್ತದೆ, ಒಂದು ಮೀಟರ್ ಉದ್ದದವರೆಗೂ ಇರಬಹುದು. ಉರಿ ತಾಳದೆ ಮನುಷ್ಯ ಕಾಲನ್ನು ನೀರಿಗೆ ಇಳಿಬಿಡುತ್ತಾನೆ. ನೀರು ತಾಗಿದ ಕೂಡಲೇ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ನೋವು ಕಡಿಮೆ ಮಾಡಿಕೊಳ್ಳಲು ಬಾವಿಗೆ ಇಳಿದವನೇ ಮುಂದಿನ ವರ್ಷದ ನೋವನ್ನು ಇಡೀ ಊರಿಗೆ ಬಿತ್ತಿ ಬರುತ್ತಿದ್ದ.

ಚಿಕಿತ್ಸೆ ಇರಲಿಲ್ಲ ಅಂತಲ್ಲ, ಬೇಕಾದಷ್ಟು ಇತ್ತು. ಹುಳುವಿನ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಗಲದಷ್ಟು ಎಳೆಯುವುದು ಬಹಳ ಹಳೆಯ ವಿದ್ಯೆ. ವಾರಗಟ್ಟಲೆ ಹಿಡಿಯುತ್ತದೆ. ಅವಸರಕ್ಕೆ ತುಂಡಾದರೆ ಒಳಗೆ ಕೀವು, ಬಾವು. ಮುತ್ಯಾನ ಮನೆಯಲ್ಲಿ ಎಲೆ ಅರೆದು ಕಟ್ಟಿದ್ದರು, ಬರೆ ಹಾಕಿಸಿದ್ದರು, ದೇವರಿಗೆ ಹರಕೆಯನ್ನೂ ಹೊತ್ತಿದ್ದರು. ಒಂದು ವರ್ಷ ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಂಡು ಬಂದರು. ಆಸ್ಪತ್ರೆಯ ಕೆಲವು ಮಾತ್ರೆಗಳಿಂದ ಊತ ಇಳಿಯುತ್ತಿತ್ತು, ಹುಳು ಎಳೆಯುವುದು ಸುಲಭವಾಗುತ್ತಿತ್ತು. ಆದರೆ ಹುಳುವನ್ನು ಕೊಲ್ಲುವ ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಲಸಿಕೆಯೂ ಇಲ್ಲ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬ ರಕ್ಷಣೆಯೂ ಸಿಗುವುದಿಲ್ಲ. ಒಬ್ಬ ವೈದ್ಯ ಸರಿಯಿಲ್ಲ ಅಂತ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದರು. ಬಾವಿ ಮಾತ್ರ ಅದೇ.

ಬರುತ್ತಿದ್ದ ಕಾಲವೂ ಕೆಟ್ಟದ್ದು. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ನೀರುಚಿಗಟಗಳೂ ಒತ್ತಾಗಿರುತ್ತವೆ. ಆಗ ಕುಡಿದ ನೀರಿನ ಫಲ ಸರಿಯಾಗಿ ಮುಂದಿನ ಬೇಸಿಗೆಗೆ, ಹೊಲ ಹದ ಮಾಡುವ, ಬಿತ್ತುವ ದಿನಗಳಿಗೆ ಕಾಲಿನಲ್ಲಿ ಕಾಣುತ್ತದೆ. ‘ಮಳಿ ಬಿತ್ತು ಅಂತ ಎಲ್ಲಾರೂ ಹೊಲಕ್ಕ ಹೋದ್ರ ನಾ ಕಟ್ಟಿ ಮ್ಯಾಲ ಕುಂತಿರ್ತಿದ್ದೆ’ ಅಂದರು ಮುತ್ಯಾ. ಆ ಎರಡು ತಿಂಗಳ ಕೂಲಿಯ ಲೆಕ್ಕ ಯಾವ ಆಸ್ಪತ್ರೆಯ ಚೀಟಿಯಲ್ಲೂ ಇರುವುದಿಲ್ಲ.

ಹಾಗೆ ನೋಡಿದರೆ ಕಾರಣ ಗೊತ್ತಾಗಿ ನೂರು ವರ್ಷವೇ ಆಗಿತ್ತು. ನೀರುಚಿಗಟದ ಮೂಲಕ ಹುಳು ಹರಡುತ್ತದೆ ಎಂದು ರಷ್ಯಾದ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ 1870ರಲ್ಲೇ ತುರ್ಕಿಸ್ತಾನದಲ್ಲಿ ಕಂಡುಕೊಂಡಿದ್ದರು. ನಮ್ಮ ದೇಶದಲ್ಲಿ ನಿರ್ಮೂಲನಾ ಕಾರ್ಯಕ್ರಮ ಆರಂಭವಾದದ್ದು 1983–84ರಲ್ಲಿ. ಆಗ ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರ, ತಮಿಳುನಾಡು, ಕರ್ನಾಟಕ ಹೀಗೆ ಏಳು ರಾಜ್ಯಗಳಲ್ಲಿ ಈ ರೋಗವಿತ್ತು. 1984ರಲ್ಲಿ ಸುಮಾರು 40,000 ಜನರಿಗೆ ಬಂದಿತ್ತು, 12,000ಕ್ಕೂ ಹೆಚ್ಚು ಹಳ್ಳಿಗಳಲ್ಲಿ.

ಈ ಸಲ ಬಂದವರು ಕಾಲಿಗಿಂತ ಮೊದಲು ಬಾವಿ ನೋಡಿದರು. ಮೆಟ್ಟಿಲಿಳಿದು, ನೀರಲ್ಲಿ ನಿಂತು ಕೊಡ ತುಂಬಿಕೊಳ್ಳುವ ಬಾವಿಗಳೇ ರೋಗದ ಮನೆ. ಅವನ್ನು ಮುಚ್ಚಿಸಿದರು, ಇಲ್ಲವೇ ಕಟ್ಟೆ ಕಟ್ಟಿಸಿ ಸೇದುವ ಬಾವಿ ಮಾಡಿಸಿದರು. ಬೋರ್‌ವೆಲ್ ಕೊರೆದು ಕೈಪಂಪು ಹಾಕಿದರು. ನೀರಿಗೆ ಟೆಮೆಫಾಸ್ ಎಂಬ ಔಷಧ ಬಿಟ್ಟು ನೀರುಚಿಗಟಗಳನ್ನು ಕೊಂದರು. ಕುಡಿಯುವ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಲು ಹೇಳಿಕೊಟ್ಟರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಯಾರ ಕಾಲಲ್ಲಿ ನಾರು ಎದ್ದಿದೆ ಅಂತ ಹುಡುಕಿ, ಪಟ್ಟಿ ಕಟ್ಟಿ, ವಾಸಿಯಾಗುವವರೆಗೆ ನೀರಿಗೆ ಇಳಿಯಬೇಡಿ ಅಂತ ಕೇಳಿಕೊಂಡರು. ನಮಗೆ ಇದರಲ್ಲಿ ಕಷ್ಟದ ಕೆಲಸ ಅನ್ನಿಸುವುದು ಇದೇ. ಉರಿಯುವ ಕಾಲಿಗೆ ತಂಪು ಬೇಡ ಅನ್ನುವುದು, ಅದೂ ಬೇರೆಯವರಿಗಾಗಿ.

ಭಾರತದ ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧ್‌ಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶ ಎಂದು ಘೋಷಿಸಿತು. ಸೋಲದೇವನಹಳ್ಳಿಯ ಪಂಪು ಬೆಂಗಳೂರಿಗೆ ನೀರು ಕಳಿಸಿದ ಮೇಲೆ ಮುತ್ಯಾನ ಊರಿಗೆ ಕೈಪಂಪು ಬರಲು ಹತ್ತಿರ ಹತ್ತಿರ ತೊಂಬತ್ತು ವರ್ಷ ಬೇಕಾಯಿತು.

ಕೈಪಂಪಿನ ಕಥೆ ಪೂರ್ತಿ ಸುಖದ್ದೇನಲ್ಲ. ಯಾದಗಿರಿ, ರಾಯಚೂರು, ಕೊಪ್ಪಳದ ಎಷ್ಟೋ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಕೀಲು, ಬೆನ್ನು ಬಿಗಿದುಕೊಳ್ಳುತ್ತವೆ. ಮತ್ತೆ ಅದೇ ಪಾಡು: ಊರವರು ನೋವಿನ ಮಾತ್ರೆ ನುಂಗುತ್ತಾರೆ, ನೀರು ಬದಲಾಗುವುದಿಲ್ಲ. ಸೆಟೆದ ಮೂಳೆಯನ್ನು ಹಿಂದಿನಂತೆ ಮಾಡಲು ನೀರು ಬದಲಿಸಿದರೂ ಆಗದು.

ಮುತ್ಯಾನಿಗೆ ಆರನೇ ಬೇಸಿಗೆ ನಾರು ಬರಲಿಲ್ಲ. ಹರಕೆ ಫಲಿಸಿತು ಅಂತ ಅವರ ಅವ್ವ ಸಾಯುವವರೆಗೂ ನಂಬಿದ್ದರಂತೆ. ‘ನೀವೇನಂತೀರಿ?’ ಅಂತ ಕೇಳಿದೆವು. ನಕ್ಕು, ‘ಆ ವರ್ಷನ ಬಾವಿ ಮುಚ್ಚಿದ್ರು’ ಅಂದರು. ಟೀ ಲೋಟ ಕೊಟ್ಟು, ಟ್ಯಾಂಕರ್ ನೀರಿನ ಡ್ರಮ್ಮಿನ ಹತ್ತಿರ ಹೋಗಿ, ಹೆಗಲ ಮೇಲಿನ ಟವೆಲನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿದರು.