ಹಗೇವಿನಿಂದ ಹೆಬ್ಬಾಳಕ್ಕೆ: ಬಿತ್ತನೆ ಬೀಜದ ಕಥೆ

ಹಳೇ ಮೈಸೂರು ಸೀಮೆಯ ರೈತ ಊಟದ ರಾಗಿಯನ್ನು ನೆಲದಡಿಯ ಹಗೇವಿನಲ್ಲಿಡುತ್ತಿದ್ದ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯಾಡದು, ಹುಳು ಬದುಕದು, ರಾಗಿ ವರ್ಷಗಟ್ಟಲೆ ಕೆಡದು. ಆದರೆ ಉಣ್ಣಲು ಬರುವ ಕಾಳೆಲ್ಲ ಮೊಳೆಯಲಾರದು. ಅದಕ್ಕೇ ಬಿತ್ತನೆ ಬೀಜವನ್ನು ಚೆನ್ನಾಗಿ ಒಣಗಿಸಿ, ಬೂದಿ, ಬೇವಿನ ಸೊಪ್ಪು ಬೆರೆಸಿ ಮನೆಯೊಳಗಿನ ಗುಡಾಣದಲ್ಲಿ ಬೇರೆಯಾಗಿ ಕಾಪಾಡುತ್ತಿದ್ದರು.

ಬರ ಬಿಗಿಯಾದರೆ ಆ ಗುಡಾಣಕ್ಕೂ ಕೈ ಹೋಗುತ್ತದೆ. 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಎರಡು ದಶಕಗಳ ತರುವಾಯ, 1899ರಲ್ಲಿ, ರಾಜಪ್ರತಿನಿಧಿ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರು ನೀಡಿದ 30 ಎಕರೆಯಲ್ಲಿ ಹೆಬ್ಬಾಳದ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾಯಿತು. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯದ ಮೂಲ ಇದೇ. ಯಲಹಂಕದ ದಾರಿಯಲ್ಲಿರುವ ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂದು ರಾಗಿ, ಸಿರಿಧಾನ್ಯಗಳ ತಳಿಗಳನ್ನು ಸಂರಕ್ಷಿಸಲಾಗುತ್ತಿದೆ.

ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದ ಸ್ಥೂಲ ಲೆಕ್ಕ. ಅಜ್ಜಿಯರು ಬೀಜವನ್ನು ಬಿಸಿಲಿಗೆ ಹರವುತ್ತಿದ್ದುದರ ಮರ್ಮವೂ ಇದೇ. ಹವಾಮಾನ ಬದಲಾಗಿ ಮಳೆ ಕೈಕೊಡುತ್ತಿರುವ ಈ ಕಾಲದಲ್ಲಿ ಮೊದಲ ಬಿತ್ತನೆ ಒಣಗಿದರೆ ಸಣ್ಣ ರೈತ ಮತ್ತೆ ಬಿತ್ತಬೇಕು. ಆಗ ಬೀಜಕ್ಕಾಗಿ ಸಾಲ ಮಾಡಬೇಕೇ, ಬೇಡವೇ ಎಂಬುದನ್ನು ತೀರ್ಮಾನಿಸುವುದು ಮನೆಯಲ್ಲಿ ಒಣಗಿಸಿ, ಗಾಳಿಯಾಡದಂತೆ ಮುಚ್ಚಿಟ್ಟ ಆ ಎರಡನೆಯ ಪಾಲು.